ಕಳೆದುಹೋದ ಇಪ್ಪತ್ತು ಗ್ರಾಂ

ತರಕಾರಿ ಅಂಗಡಿಯಲ್ಲಿರುವಂಥ ಎಲೆಕ್ಟ್ರಾನಿಕ್ ತಕ್ಕಡಿಯನ್ನು, ಆಸ್ಪತ್ರೆಯ ಸಾಮಾನು ತೊಳೆದು ಕ್ರಿಮಿಮುಕ್ತ ಮಾಡುವ ನಮ್ಮ ವಿಭಾಗವಾದ ಸಿಎಸ್‌ಎಸ್‌ಡಿಗೆ ತಂದಿಟ್ಟ ದಿನ ಓಟಿ (ಆಪರೇಷನ್ ಥಿಯೇಟರ್) ಸಿಸ್ಟರ್ ಬಾಗಿಲಲ್ಲೇ ನಿಂತು, "ಈರುಳ್ಳಿ ಕಿಲೋಗೆ ಎಷ್ಟು ಸರ್?" ಎಂದು ಕೇಳಿದ್ದರು. ಈಗ ತಕ್ಕಡಿಯ ಬ್ಯಾಟರಿ ಇಳಿದರೆ ಮೊದಲು ಫೋನ್ ಮಾಡುವವರು ಅವರೇ.

ನಮ್ಮದು 120 ಹಾಸಿಗೆಯ ಆಸ್ಪತ್ರೆ. ಮೂರು ಓಟಿ, ಶಸ್ತ್ರಚಿಕಿತ್ಸೆ ಸಾಮಾನಿನ ಅರವತ್ತು ಚಿಲ್ಲರೆ ಸೆಟ್. ಕಳೆದುಹೋಗುವುದು ಯಾವಾಗಲೂ ಸಣ್ಣವೇ: ಹೊದಿಸಿದ ಬಟ್ಟೆ ಹಿಡಿದಿಡುವ ಟವೆಲ್ ಕ್ಲಿಪ್, ರಕ್ತನಾಳ ಹಿಡಿಯುವ ಪುಟ್ಟ ಇಕ್ಕಳ ಮಸ್ಕಿಟೋ. ಕ್ಲಿಪ್ ಬಟ್ಟೆಯ ಜೊತೆ ಲಾಂಡ್ರಿಗೆ ಹೋಗುತ್ತದೆ, ಮಸ್ಕಿಟೋ ಹತ್ತಿಯ ಜೊತೆ ಕಸದ ಚೀಲಕ್ಕೆ. ವರ್ಷಕ್ಕೆ ಸುಮಾರು ನಲವತ್ತು ಸಾವಿರ ಹೀಗೆ ಹೋಗುತ್ತಿತ್ತು. ಯಾವ ಪಾಳಿಯಲ್ಲಿ ಹೋಯಿತೆಂದು ಗೊತ್ತಾಗದೆ ಎಲ್ಲರ ಮೇಲೂ ಎಲ್ಲರಿಗೂ ಅನುಮಾನ.

ಯಾವುದು ಯಾವ ಸೆಟ್ಟಿನದೆಂದು ಗೊತ್ತಾಗಲಿ ಎಂದು ಮೊದಲು ಸಾಮಾನಿಗೆ ಬಣ್ಣದ ಟೇಪ್ ಸುತ್ತಿದೆವು. ಶಬ್ದತರಂಗದಿಂದ ತೊಳೆಯುವ ಅಲ್ಟ್ರಾಸೋನಿಕ್ ಮೆಷಿನ್‌ನಲ್ಲಿ ಮೂರು ತಿಂಗಳಿಗೆ ಅಂಚು ಎದ್ದಿತು, ಅಡಿಯಲ್ಲಿ ಕೊಳೆ ಕೂತಿತು. ಒಂದು ದಿನ ಹಸಿರು ಚೂರೊಂದು ಗಾಜ್ ಬಟ್ಟೆಯ ಮೇಲೆ ಸಿಕ್ಕಿ ಸರ್ಜನ್ ಕೈಯಲ್ಲಿ ಬೈಸಿಕೊಂಡೆ. ಆಮೇಲೆ ಸೆಟ್‌ಗಳ ಫೋಟೋ ತೆಗೆದು ಲ್ಯಾಮಿನೇಟ್ ಮಾಡಿಸಿ ಗೋಡೆಗೆ ಹಾಕಿದೆ. ಅವು ಇಂದಿಗೂ ಇವೆ, ಆದರೆ ರಾತ್ರಿ ಹತ್ತರ ಕಣ್ಣು ಫೋಟೋ ನೋಡದೆಯೇ ಟಿಕ್ ಹಾಕಿಬಿಡುತ್ತದೆ. ಬಾರ್‌ಕೋಡ್ ಸಾಫ್ಟ್‌ವೇರ್‌ಗೆ ಆರು ಲಕ್ಷದ ಕೊಟೇಶನ್ ಬಂತು. ಮ್ಯಾನೇಜ್‌ಮೆಂಟ್ ಮೂರು ವರ್ಷ "ಮುಂದಿನ ವರ್ಷ" ಎಂದಿತು.

ತಕ್ಕಡಿಗೆ ಕೊಟ್ಟಿದ್ದು ಎರಡೂವರೆ ಸಾವಿರವೋ ಮೂರೋ. ಹತ್ತು ಕಿಲೋ ತನಕ, ಒಂದು ಗ್ರಾಂ ಲೆಕ್ಕ. ಪೂರ್ತಿ ಸೆಟ್ ತೂಗಿ, ಸೆಟ್ ನಂಬರು ಮತ್ತು ತೂಕವನ್ನು ಸ್ಟೀಲ್ ಬಿಲ್ಲೆಯ ಮೇಲೆ ಕೊರೆಸಿ ಟ್ರೇಗೆ ಕಟ್ಟಿದೆ. ಮೊದಲ ತಿಂಗಳು ನಗೆಪಾಟಲಾಯಿತು. ದಿನವೂ ಇಪ್ಪತ್ತು ಮೂವತ್ತು ಗ್ರಾಂ ಹೆಚ್ಚು! ಕೀಲುಗಳಲ್ಲಿ, ಟ್ರೇ ಮೂಲೆಗಳಲ್ಲಿ ನೀರು ಉಳಿಯುತ್ತಿತ್ತು. ಪೂರ್ತಿ ಒಣಗಿಸಿ, ಪ್ಯಾಕ್ ಮಾಡುವ ಮುನ್ನವೇ ತೂಗಬೇಕು. ಅದಾದ ಮೇಲೂ ಲೆಕ್ಕ ಕೂಡಲಿಲ್ಲ. ನೋಡಿದರೆ, ಒಂದೇ ತರಹ ಕಾಣುವ ಎರಡು ಟ್ರೇಗಳ ನಡುವೆ ಹನ್ನೆರಡು ಗ್ರಾಂ ವ್ಯತ್ಯಾಸ. ಅಂದಿನಿಂದ ಟ್ರೇಗೂ ನಂಬರು ಕೊರೆಸಿದೆ, ಅದಲುಬದಲು ನಿಷೇಧ. ಹಳೆಯ ಆರ್ಟರಿ ಫೋರ್ಸೆಪ್ಸ್ ಬದಲು ಬೇರೆ ಕಂಪನಿಯದು ಬಂದರೆ ಅದೇ ದಿನ ಬಿಲ್ಲೆಯೂ ಬದಲು.

ನೇರ ಮಸ್ಕಿಟೋ ಬದಲು ಬಾಗಿದ್ದು ಬಂದರೆ ತಕ್ಕಡಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಎಣಿಕೆ ಮೊದಲು, ತೂಕ ಆಮೇಲೆ. ಮೂಳೆ ಜೋಡಿಸುವ ಆರ್ಥೋ ಸ್ಕ್ರೂ ಸೆಟ್‌ಗೆ ಇದನ್ನು ಹಚ್ಚಲು ಹೋಗಬೇಡಿ, ನಾನು ಹೋಗಿ ಸೋತಿದ್ದೇನೆ. ಎಷ್ಟು ಗ್ರಾಂ ಆಚೀಚೆ ಆದರೆ ಬಿಡಬಹುದು ಎಂಬ ಪಟ್ಟಿ ನನ್ನ ಡೈರಿಯಲ್ಲಿದೆ. ನಾಲ್ಕು ತಿಂಗಳ ದುಡಿಮೆ ಅದು, ಇಲ್ಲಿ ಬರೆಯುವುದಿಲ್ಲ.

ನಡುವೆ ಇನ್ನೊಂದು ಹುಚ್ಚು. ನಮ್ಮ ಬೋರ್‌ವೆಲ್ ನೀರಿಗೆ ಸಾಮಾನಿನ ಮೇಲೆ ಬಿಳಿ ಕಲೆ ಬರುತ್ತಿತ್ತು. ಸಿಟ್ರಿಕ್ ಆಸಿಡ್‌ನಲ್ಲಿ ಅರ್ಧ ಗಂಟೆ ನೆನೆಸಿದರೆ ಹೋಯಿತು. ಜಾಸ್ತಿ ಒಳ್ಳೆಯದಿರಬಹುದೆಂದು ರಾತ್ರಿಯಿಡೀ ಬಿಟ್ಟೆ, ಒಳ್ಳೆಯ ಮೇಯೋ ಕತ್ತರಿಯೊಂದು ಕಪ್ಪಾಗಿ ಎದ್ದಿತು. ಈಗ ಕೊನೆಯ ತೊಳೆತಕ್ಕೆ ಆರ್‌ಓ ನೀರು, ಅಷ್ಟೇ.

ಬಿಲ್ಲೆಯ ನಂಬರು ಇನ್ನೊಂದು ಕಡೆಯೂ ಕೈ ಹಿಡಿಯಿತು. ಪ್ಯಾಕ್ ಮೇಲಿನ ಸ್ಟಿಕ್ಕರ್‌ನಲ್ಲಿ ಆ ನಂಬರು, ಯಾವ ಆಟೋಕ್ಲೇವ್ (ಬಿಸಿ ಆವಿಯಿಂದ ಕ್ರಿಮಿ ಕೊಲ್ಲುವ ಯಂತ್ರ), ಎಷ್ಟನೆಯ ಲೋಡ್, ದಿನಾಂಕ ಬರೆದು, ಓಟಿಯಲ್ಲಿ ಅದನ್ನು ಕಿತ್ತು ರೋಗಿಯ ಫೈಲಿಗೆ ಅಂಟಿಸುವ ಪದ್ಧತಿ ಮಾಡಿದೆ. ಇದಕ್ಕೆ ಬಂದ ವಿರೋಧ ತಕ್ಕಡಿಗೂ ಬಂದಿರಲಿಲ್ಲ. ಕಳೆದ ವರ್ಷ ಒಂದು ಲೋಡಿನ ಸ್ಪೋರ್ ಟೆಸ್ಟ್ ಹಳದಿ ತಿರುಗಿತು, ಅಂದರೆ ಪರೀಕ್ಷೆಗಿಟ್ಟ ಕ್ರಿಮಿ ಸತ್ತಿರಲಿಲ್ಲ. ಗ್ರಾಫ್‌ನಲ್ಲಿ 134 ಡಿಗ್ರಿ ಸರಿಯಾಗಿಯೇ ಇತ್ತು, ಆವಿ ಒಳಗೆ ನುಗ್ಗುತ್ತದೆಯೇ ಎಂದು ನೋಡುವ ಬೆಳಗಿನ ಬೋವಿ ಡಿಕ್ ಟೆಸ್ಟ್ ಕೂಡ ಪಾಸಾಗಿತ್ತು. ಹುಡುಗರು ಟ್ರೇಗಳನ್ನು ಒತ್ತೊತ್ತಾಗಿ ತುರುಕಿದ್ದರು, ನಡುವೆ ಆವಿ ಸರಿಯಾಗಿ ಹೋಗಿರಲಿಲ್ಲ. ಹನ್ನೊಂದು ಪ್ಯಾಕ್‌ಗಳಲ್ಲಿ ಒಂಬತ್ತು ಕಪಾಟಿನಲ್ಲೇ ಸಿಕ್ಕವು. ಉಳಿದ ಎರಡು ಯಾರಿಗೆ ಬಳಕೆಯಾಗಿವೆ ಎಂಬುದನ್ನು ಇಪ್ಪತ್ತು ನಿಮಿಷದಲ್ಲಿ ಫೈಲ್ ಸಮೇತ ಸರ್ಜನ್ ಮುಂದೆ ಇಟ್ಟೆ. ಟೇಪ್ ವಿಷಯಕ್ಕೆ ಬೈದವರೇ ಕುರ್ಚಿ ಎಳೆದು ಕೂರಿಸಿದರು.

ಈ ವರ್ಷ ಇದುವರೆಗೆ ಹೋಗಿರುವುದು ಎರಡು ಟವೆಲ್ ಕ್ಲಿಪ್. ತೂಕ ಕಡಿಮೆ ಬಂದ ತಕ್ಷಣ ಲಾಂಡ್ರಿಗೆ ಓಡಿದ್ದರಿಂದ ಒಂದು ಮೆಷಿನ್ನಿನ ಫಿಲ್ಟರ್‌ನಲ್ಲಿ ಸಿಕ್ಕಿತು. ಇನ್ನೊಂದನ್ನು ಸಿಸ್ಟರ್ ಇನ್ನೂ ಹುಡುಕುತ್ತಿದ್ದಾರೆ.