ಬ್ಯಾಟರಿಯನ್ನು ಬೈಯುವ ಮುನ್ನ

ಕ್ಯಾಂಪರ್ ವ್ಯಾನಿನಲ್ಲಿ, ಅಂದರೆ ಒಳಗೇ ಮಲಗಿ ಉಂಡು ಸುತ್ತಾಡುವ ಗಾಡಿಯಲ್ಲಿ, ಏನು ಕೈಕೊಟ್ಟರೂ ಮೊದಲು ಬೈಸಿಕೊಳ್ಳುವುದು ಬ್ಯಾಟರಿ. ದೀಪ ಮಂಕಾದರೆ ಬ್ಯಾಟರಿ, ಪಂಪ್ ಮುಲುಗಿದರೆ ಬ್ಯಾಟರಿ, ಫ್ರಿಜ್ ನಿಂತರಂತೂ ಕೇಳುವುದೇ ಬೇಡ. ನನ್ನ ವ್ಯಾನಿನ ದುರಸ್ತಿಯನ್ನು ನಾನೇ ಮಾಡಿಕೊಳ್ಳತೊಡಗಿದ ಮೇಲೆ ಖಾತ್ರಿಯಾದದ್ದು ಬೇರೆಯೇ: ಇಲ್ಲಿ ತೊಂದರೆ ಕಾಣಿಸುವ ಜಾಗ ಒಂದು, ಅದು ಇರುವ ಜಾಗ ಇನ್ನೊಂದು. ಮನೆಯ ವೈರುಗಳು ಗೋಡೆಯೊಳಗೆ ಅಲುಗಾಡದೆ ಕುಳಿತಿರುತ್ತವೆ. ವ್ಯಾನಿನ ಒಂದೊಂದು ಜೋಡಣೆಯೂ ಗಾಡಿ ಓಡುವಷ್ಟು ಹೊತ್ತೂ ನಡುಗುತ್ತಿರುತ್ತದೆ. ಕೆಳಗಿನಿಂದ ರಸ್ತೆಯ ನೀರು ಬೇರೆ ಸಿಡಿಯುತ್ತದೆ.

ನನ್ನದು 12 ವೋಲ್ಟಿನ ಕಂಪ್ರೆಸರ್ ಫ್ರಿಜ್. ಹಗಲೆಲ್ಲ ಚೆನ್ನಾಗಿ ಓಡಿ ರಾತ್ರಿ ಸದ್ದಿಲ್ಲದೆ ನಿಂತುಬಿಡುತ್ತಿತ್ತು. ಬ್ಯಾಟರಿಯ ತುದಿಗಳಿಗೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದರೆ 12.5 ವೋಲ್ಟ್. ಸೀಸ-ಆಮ್ಲದ ಬ್ಯಾಟರಿ ತುಂಬಿ, ಕೆಲಸವಿಲ್ಲದೆ ಕುಳಿತಾಗ ಸುಮಾರು 12.7 ತೋರಿಸುತ್ತದೆ, ಅರ್ಧ ಖಾಲಿಯಾದಾಗ 12.2ರ ಆಸುಪಾಸು. ಅಂದರೆ ನನ್ನ ಬ್ಯಾಟರಿಯಲ್ಲಿ ಬೇಕಾದಷ್ಟು ಶಕ್ತಿ ಇತ್ತು. (ಲಿಥಿಯಂ ಬ್ಯಾಟರಿ ಇರುವವರು ಈ ಲೆಕ್ಕ ಹಿಡಿಯಬಾರದು. ಅದು ಮುಕ್ಕಾಲು ಖಾಲಿಯಾಗುವವರೆಗೂ 13ರ ಮೇಲೆಯೇ ನಿಂತು ಯಾಮಾರಿಸುತ್ತದೆ.)

ಫ್ರಿಜ್ಜಿನ ಬಳಿಯ ಸಾಕೆಟ್ಟಿನಲ್ಲಿ ಅಳೆದರೂ ಅದೇ 12.5. ಬಹಳ ಮಂದಿ ಇಲ್ಲಿಗೆ ನಿಲ್ಲಿಸಿ, ಫ್ರಿಜ್ಜೇ ಕೆಟ್ಟಿದೆ ಎಂದು ತೀರ್ಮಾನಿಸುತ್ತಾರೆ. ಆದರೆ ಕರೆಂಟ್ ಹರಿಯದಿದ್ದಾಗ ಕೆಟ್ಟ ಜೋಡಣೆಯೂ ಒಳ್ಳೆಯದರಂತೆಯೇ ಕಾಣುತ್ತದೆ. ಕಂಪ್ರೆಸರ್ ಓಡುವವರೆಗೆ ಕಾದು ಮತ್ತೆ ಅಳೆದೆ. ಬ್ಯಾಟರಿಯಲ್ಲಿ 12.4, ಫ್ರಿಜ್ಜಿನಲ್ಲಿ 11.2. ನಡುವೆ 1.2 ವೋಲ್ಟ್ ಎಲ್ಲೋ ಸೋರಿಹೋಗುತ್ತಿತ್ತು. 5 ಆಂಪಿಯರ್ ಹರಿಯುವಾಗ ಇಷ್ಟು ಇಳಿಯಲು ದಾರಿಯಲ್ಲಿ ಕಾಲು ಓಮ್‌ನಷ್ಟು ಅಡಚಣೆ ಸಾಕು. ವೋಲ್ಟೇಜ್ ಒಂದು ಮಟ್ಟಕ್ಕಿಂತ ಇಳಿದರೆ ಬ್ಯಾಟರಿ ಉಳಿಸಲೆಂದು ಫ್ರಿಜ್ ತಾನೇ ನಿಲ್ಲುತ್ತದೆ. ಹಗಲಿನಲ್ಲಿ ಸೌರಫಲಕವು 13.5ಕ್ಕಿಂತ ಮೇಲೆ ಒದಗಿಸುತ್ತಿದ್ದುದರಿಂದ ಈ ನಷ್ಟ ಗೊತ್ತಾಗುತ್ತಿರಲಿಲ್ಲ. ಫ್ರಿಜ್ಜಿನ ರಕ್ಷಣಾ ಮಟ್ಟವನ್ನೇ ಕೆಳಗಿಳಿಸಿ ಎನ್ನುವ ಸಲಹೆಗಾರರಿದ್ದಾರೆ. ಅದು ಜ್ವರ ಬಂದರೆ ಥರ್ಮಾಮೀಟರ್ ಮುರಿದುಹಾಕಿದ ಹಾಗೆ.

ಇನ್ನು ಸೋರುತ್ತಿರುವುದು ಪಾಸಿಟಿವ್ ಕಡೆಯೋ ನೆಗೆಟಿವ್ ಕಡೆಯೋ ತಿಳಿಯಬೇಕು. ಫ್ರಿಜ್ ಓಡುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಫ್ರಿಜ್ಜಿನ ನೆಗೆಟಿವ್ ವೈರಿಗೂ ಇಟ್ಟೆ. ಸೊನ್ನೆಯ ಹತ್ತಿರ ಇರಬೇಕಾದದ್ದು 0.9 ತೋರಿಸಿತು. ಎರಡನೆಯ ಕಡ್ಡಿಯನ್ನು ಹೆಜ್ಜೆ ಹೆಜ್ಜೆಯಾಗಿ ಬ್ಯಾಟರಿಯ ಕಡೆಗೆ ತಂದೆ: ನೆಗೆಟಿವ್ ವೈರುಗಳೆಲ್ಲ ಸೇರುವ ಪಟ್ಟಿ, ಅಲ್ಲಿಂದ ಚಾಸಿಗೆ (ಕರೆಂಟ್ ಬ್ಯಾಟರಿಗೆ ಮರಳುವ ದಾರಿಯಾದ ಗಾಡಿಯ ಲೋಹದ ಚೌಕಟ್ಟಿಗೆ) ಹೋಗುವ ಬೋಲ್ಟ್, ಬೋಲ್ಟಿನ ಪಕ್ಕದ ಬರಿಯ ಲೋಹ. ವೈರಿನ ಲಗ್ (ತುದಿಯ ಲೋಹದ ಬಳೆ) ಮೇಲೆ 0.8 ಇದ್ದದ್ದು, ಬೆರಳಗಲ ಆಚೆಯ ಚಾಸಿಯ ಮೇಲೆ ಇಟ್ಟ ಕೂಡಲೇ 0.05ಕ್ಕೆ ಕುಸಿಯಿತು. ಕಳ್ಳ ಆ ಬೆರಳಗಲದಲ್ಲೇ ಇದ್ದ.

ಬ್ಯಾಟರಿಯ ನೆಗೆಟಿವ್ ತುದಿಯನ್ನು ಮೊದಲು ಕಳಚಿ (ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಚಾಸಿಗೆ ತಗುಲಿದರೆ ಕಿಡಿ ಹಾರುತ್ತದೆ, ಆದ್ದರಿಂದ ಈ ಕ್ರಮ) ಬೋಲ್ಟ್ ಬಿಚ್ಚಿದೆ. ಲಗ್ಗಿನ ಕೆಳಗೆ ಬಣ್ಣವನ್ನು ಕೆರೆದೇ ಇರಲಿಲ್ಲ. ಬೋಲ್ಟಿನ ಎಳೆಗಳ ಮೂಲಕ ಅಷ್ಟಿಷ್ಟು ಹರಿಯುತ್ತಿತ್ತು, ಸುತ್ತ ಹಸಿರು ಕಿಲುಬು ಕಟ್ಟಿತ್ತು. ಮರಳುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಬಿಗಿದ ನಂತರ ಮೇಲಿನಿಂದ ಗ್ರೀಸ್ ಬಳಿದೆ. ಉಳಿದ 0.3 ವೋಲ್ಟ್ ಪಾಸಿಟಿವ್ ಕಡೆ, ಸಿಗರೇಟ್ ಲೈಟರ್ ಮಾದರಿಯ ಸಾಕೆಟ್ಟಿನಲ್ಲಿತ್ತು. ಸ್ಪ್ರಿಂಗಿನ ಒತ್ತಡದ ಮೇಲೆ ನಿಂತಿರುವ ಆ ಸಾಕೆಟ್ ಓಡುವ ಗಾಡಿಗಾಗಲಿ, ರಾತ್ರಿಯಿಡೀ ನಡೆಯುವ ಯಂತ್ರಕ್ಕಾಗಲಿ ತಕ್ಕುದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ಕಿತ್ತು, ದಪ್ಪ ವೈರನ್ನು ಫ್ಯೂಸ್ ಮೂಲಕ ನೇರವಾಗಿ ಎಳೆದೆ. ಈಗ ಒಟ್ಟು ನಷ್ಟ 0.2 ದಾಟುವುದಿಲ್ಲ.

ನೀರಿನ ಪಂಪಿಗೂ ಇದೇ ಬಗೆಯ ಹುಡುಕಾಟ. ನಲ್ಲಿಗಳೆಲ್ಲ ಮುಚ್ಚಿದ್ದರೂ ಪಂಪ್ ಆಗೊಮ್ಮೆ ಈಗೊಮ್ಮೆ ಗುರ್ರೆಂದು ನಿಲ್ಲುತ್ತಿದ್ದರೆ ಪೈಪಿನಲ್ಲಿ ಒತ್ತಡ ಇಳಿಯುತ್ತಿದೆ ಎಂದರ್ಥ. ಪಂಪಿನ ಮುಂದೆಯೇ ಒಂದು ವಾಲ್ವ್ ಕೂರಿಸಿಕೊಂಡಿದ್ದೇನೆ. ಅದನ್ನು ಮುಚ್ಚಿದ ಮೇಲೆ ಪಂಪ್ ಸುಮ್ಮನಾದರೆ ಸೋರಿಕೆ ಮುಂದಿನ ಪೈಪುಗಳಲ್ಲಿದೆ; ಆಗಲೂ ಗುರುಗುಟ್ಟಿದರೆ ಪಂಪಿನೊಳಗಿನ ಹಿಮ್ಮುಖ ತಡೆ ಸವೆದು ನೀರು ತೊಟ್ಟಿಗೆ ಮರಳುತ್ತಿದೆ. ಕೀಲುಗಳಿಗೆ ಒಣ ಟಿಶ್ಯೂ ಸುತ್ತಿಟ್ಟರೆ ಕಣ್ಣಿಗೆ ಕಾಣದ ತೇವವೂ ಸಿಕ್ಕಿಬೀಳುತ್ತದೆ.

ಚಾವಣಿ ಇನ್ನೂ ಮೋಸದ್ದು. ಒಳಗೆ ತೊಟ್ಟಿಕ್ಕುವ ಜಾಗದ ನೇರ ಮೇಲೆ ತೂತು ಇರುವುದು ಅಪರೂಪ. ನೀರು ಚೌಕಟ್ಟಿನ ಮೇಲೆ ಹರಿದು ಎಲ್ಲೋ ಇಳಿಯುತ್ತದೆ. ಕಿಟಕಿ ಬಾಗಿಲು ಮುಚ್ಚಿ, ಚಾವಣಿಯ ಫ್ಯಾನನ್ನು ಒಳಕ್ಕೆ ಗಾಳಿ ತುಂಬುವಂತೆ ತಿರುಗಿಸಿ, ಹೊರಗಿನ ಸಂದುಗಳಿಗೆಲ್ಲ ಸೋಪಿನ ನೀರು ಹಚ್ಚುತ್ತೇನೆ. ಗುಳ್ಳೆ ಎದ್ದಲ್ಲಿ ಬಿರುಕು. ಅಲ್ಲಿಗೆ ಸಿಲಿಕೋನ್ ಮೆತ್ತುವ ಆಸೆ ಬೇಡ: ಮುಂದೆ ಅದರ ಮೇಲೆ ಬೇರಾವ ಸೀಲೆಂಟೂ ಸರಿಯಾಗಿ ಅಂಟುವುದಿಲ್ಲ, ಪೂರ್ತಿ ಕೆರೆದು ತೆಗೆಯುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಟೈರಿನ ವಿಷಯ ಮಾತ್ರ ಮೀಟರಿಗೂ ಸೋಪಿಗೂ ಸಿಗುವುದಿಲ್ಲ. ನಿಂತಲ್ಲೇ ನಿಲ್ಲುವ ಗಾಡಿಯ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಪಕ್ಕೆಯ ಮೇಲಿನ ನಾಲ್ಕಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 3519 ಎಂದಿದ್ದರೆ 2019ರ 35ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ್ದನ್ನು, ಹಲ್ಲು ಎಷ್ಟೇ ಆಳವಿರಲಿ, ನಾನು ಉಳಿಸಿಕೊಳ್ಳುವುದಿಲ್ಲ.