ಮಳೆಗಾಲದಲ್ಲೂ ಗಟ್ಟಿಯಾಗದ ಗ್ಯಾಲಿಯಂ

ಸಾಮಾನ್ಯ ಉಷ್ಣಾಂಶದಲ್ಲಿ ದ್ರವವಾಗಿರುವ ಧಾತುಗಳು ಪಾದರಸ ಮತ್ತು ಬ್ರೋಮಿನ್ ಎರಡೇ ಎಂದು ತೀರ್ಥಹಳ್ಳಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಹಲವು ವರ್ಷ ಪಾಠ ಹೇಳಿದ್ದೇನೆ. ಆದರೆ ಎರಡನ್ನೂ ಮಕ್ಕಳ ಕೈಗೆ ಕೊಡುವಂತಿಲ್ಲ. ಪಾದರಸದ ಆವಿ ಕಣ್ಣಿಗೆ ಕಾಣದೆ, ವಾಸನೆಯೂ ತಿಳಿಯದೆ ಉಸಿರಿನೊಡನೆ ಒಳಸೇರುತ್ತದೆ, 58.8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವ ಬ್ರೋಮಿನ್‌ನ ಕೆಂಗಂದು ಆವಿ ಕಣ್ಣು, ಗಂಟಲುಗಳನ್ನು ಸುಡುತ್ತದೆ.

ಆದ್ದರಿಂದ ಒಂದು ಡಿಸೆಂಬರ್‌ನಲ್ಲಿ, 29.76 ಡಿಗ್ರಿಯಲ್ಲಿ ಕರಗುವ ಗ್ಯಾಲಿಯಂ ಅನ್ನು 20 ಗ್ರಾಂನಷ್ಟು ತರಿಸಿದೆ. ಧಾತುಗಳ ಆವರ್ತಕ ಕೋಷ್ಟಕ ರಚಿಸಿದ ರಷ್ಯಾದ ವಿಜ್ಞಾನಿ ಮೆಂಡಲೀವ್ 1871ರಲ್ಲಿ ಊಹಿಸಿ, 1875ರಲ್ಲಿ ಫ್ರಾನ್ಸಿನಲ್ಲಿ ಪತ್ತೆಯಾದ ಈ ಲೋಹ ಅಂಗೈಯ ಬಿಸಿಗೇ ಕರಗುತ್ತದೆ. ಅದು ಗಾಜಿಗೆ ಅಂಟುತ್ತದೆ, ನೀರಿನಂತೆ ಗಟ್ಟಿಯಾಗುವಾಗ ಹಿಗ್ಗುತ್ತದೆ. ಹಾಗಾಗಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಜಾಗ ಬಿಟ್ಟು ತುಂಬಿಸಿದೆ. ಅಲ್ಯೂಮಿನಿಯಂ ಪಾತ್ರೆಯಂತೂ ಕೂಡದು, ಗ್ಯಾಲಿಯಂ ಒಳಗಿಳಿದು ಅದನ್ನು ಪುಡಿಪುಡಿ ಮಾಡುತ್ತದೆ. ಒಂದು ಚೂರನ್ನು ಮಾತ್ರ ಬೇರೆಯಾಗಿ ಮನೆಯ ಫ್ರಿಜ್‌ನಲ್ಲಿ ಇಟ್ಟುಕೊಂಡಿದ್ದೆ.

ಬೇಸಿಗೆಯಲ್ಲಿ ಡಬ್ಬಿಯಲ್ಲಿದ್ದದ್ದೆಲ್ಲ ತಾನಾಗಿ ಕರಗಿತು. ಆರಿದ್ರಾ ಮಳೆ ಹಿಡಿದು ತರಗತಿಯ ಉಷ್ಣಾಂಶ 24 ಡಿಗ್ರಿಗೆ ಇಳಿದ ದಿನ ತೆಗೆದು ನೋಡಿದರೆ ಅದು ಇನ್ನೂ ದ್ರವವಾಗಿಯೇ ಇತ್ತು. ಒಬ್ಬ ಹುಡುಗಿ, "ಸರ್, 29.76 ಅಂತ ಬರೆಸಿದ್ರಲ್ಲ, ಹಾಗಾದ್ರೆ ಇದು ಗಟ್ಟಿ ಆಗಿರ್ಬೇಕಿತ್ತಲ್ವಾ?" ಎಂದು ಕೇಳಿದಳು. ಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ರಾತ್ರಿ ಓದಿದಾಗ ತಿಳಿಯಿತು: ಹರಳು ಕಟ್ಟಲು ಮೊದಲ ಹರಳೊಂದು ಹುಟ್ಟಬೇಕು, ಅದು ಹುಟ್ಟುವವರೆಗೆ ಗ್ಯಾಲಿಯಂ ತನ್ನ ದ್ರವನ ಬಿಂದುವಿಗಿಂತ, ಅಂದರೆ ಕರಗುವ ಉಷ್ಣಾಂಶಕ್ಕಿಂತ, ಬಹಳ ಕೆಳಗೂ ದ್ರವವಾಗಿ ಉಳಿಯಬಲ್ಲದು.

ಮರುದಿನ ಡಿಜಿಟಲ್ ಥರ್ಮಾಮೀಟರಿನ ಕಡ್ಡಿಯನ್ನು ತೆಳು ಪ್ಲಾಸ್ಟಿಕ್‌ನಲ್ಲಿ ಸುತ್ತಿ ದ್ರವದಲ್ಲಿಟ್ಟು, ಫ್ರಿಜ್‌ನ ಚೂರನ್ನು ಹಾಕಿದೆ. ಚೂರು ಬಿದ್ದ ಕಡೆಯಿಂದ ಹೊಳಪು ಮಂಕಾಗುತ್ತಾ ಹರಳು ಹರಡತೊಡಗಿತು. ಮಕ್ಕಳನ್ನು ಬೆರಗುಗೊಳಿಸಿದ್ದು ಮಾತ್ರ ಥರ್ಮಾಮೀಟರು: ಗಟ್ಟಿಯಾಗುವ ವಸ್ತು ತಣ್ಣಗಾಗಬೇಕೆಂದು ಅವರು ಕಾದಿದ್ದರೆ, ಅದು 24ರಿಂದ ಏರುತ್ತಾ 29 ದಾಟಿ ಅಲ್ಲಿಯೇ ನಿಂತಿತು. ಪ್ರತಿ ಗ್ರಾಂ ಗ್ಯಾಲಿಯಂ ಗಟ್ಟಿಯಾಗುವಾಗ ಸುಮಾರು 80 ಜೂಲ್ ಶಾಖ ಹೊರಬರುತ್ತದೆ. ಆ ಶಾಖವೇ ಲೋಹವನ್ನು ಅದರ ದ್ರವನ ಬಿಂದುವಿನವರೆಗೆ ಬಿಸಿ ಮಾಡುತ್ತದೆ, ಅದಕ್ಕಿಂತ ಮೇಲಕ್ಕೆ ಒಯ್ಯಲಾರದು. ಹೀಗೆ ಕರಗುವಾಗ ಒಳಸೇರಿ ಗಟ್ಟಿಯಾಗುವಾಗ ಹೊರಬರುವ ಗುಪ್ತ ಶಾಖದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗವನ್ನು ನಾನು ಕಂಡಿಲ್ಲ.

ಈಗ ಈ ಪಾಠದ ದಿನ ಕರಿಹಲಗೆಯ ಮೇಲೆ ಮೊದಲು ಕೋಣೆಯ ಉಷ್ಣಾಂಶವನ್ನು ಬರೆಯಿಸಿ, ಅದರ ಕೆಳಗೆ ಧಾತುಗಳ ಹೆಸರು ಬರೆಯಿಸುತ್ತೇನೆ. ಪುಸ್ತಕದ 25 ಡಿಗ್ರಿಗೆ ಎರಡೇ ಹೆಸರು. ಮಾರ್ಚ್ ಕೊನೆಯ ಮಧ್ಯಾಹ್ನವಾದರೆ ಗ್ಯಾಲಿಯಂ ಜೊತೆಗೆ, 28.5 ಡಿಗ್ರಿಯಲ್ಲಿ ಕರಗುವ ಸೀಸಿಯಂ ಕೂಡ ಸೇರುತ್ತದೆ.