ಕೊಟ್ಟಿಗೆ ಕತ್ತಿಯಿಂದ ನಿಮ್ಮದೇ ಚಾಕಿನವರೆಗೆ

ಹಿತ್ತಲಲ್ಲೇ ಚಾಕು ಮಾಡುವ ಹುಚ್ಚು ಹಿಡಿಸಿಕೊಂಡವರ ಮೊದಮೊದಲ ಚಾಕುಗಳನ್ನು ಸಾಲಾಗಿಟ್ಟರೆ ಯಾವುದು ಯಾರದ್ದೆಂದು ಹೇಳುವುದು ಕಷ್ಟ. ತುದಿ ಅಮೆರಿಕದ ಬೇಟೆ ಚಾಕಿನದ್ದು, ಹಿಡಿ ಜಪಾನಿನದ್ದು, ಬೆನ್ನಿನ ಮೇಲೆ ಯಾವುದೋ ವಿಡಿಯೊದಲ್ಲಿ ಕಂಡ ಹಲ್ಲು. ಗೋಡೆಗೆ ತೂಗುಹಾಕಲು ಚೆಂದ. ಅಡುಗೆಮನೆಗೆ ತಂದರೆ ಎರಡೇ ದಿನಕ್ಕೆ ಮೂಲೆ ಸೇರುತ್ತದೆ. ಸ್ವಂತ ಶೈಲಿ ಬೇಕಿದ್ದರೆ ಚಿತ್ರ ನೋಡುವುದನ್ನು ಸ್ವಲ್ಪ ದಿನ ಬದಿಗಿಟ್ಟು ಅಳತೆ ತೆಗೆಯಲು ಕೂರಬೇಕು. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯವರಿಗೆ ಅದಕ್ಕೆ ಬೇಕಾದ ಸರಕೆಲ್ಲ ಕೊಟ್ಟಿಗೆಯ ಜಂತಿಗೇ ಸಿಕ್ಕಿಸಿಟ್ಟಿರುತ್ತದೆ.

ಅಳತೆ ಪುಸ್ತಕ

ಮನೆಯಲ್ಲಿರುವ, ನೆರೆಮನೆಯಲ್ಲಿರುವ ಕತ್ತಿ, ಕುಡುಗೋಲು, ಮೆಟ್ಟುಗತ್ತಿ, ಈಳಿಗೆ, ಅಡಕತ್ತರಿ ಒಟ್ಟು ಮಾಡಿ. ಅಂಗಡಿಯಿಂದ ತಂದ ಹೊಸದಕ್ಕಿಂತ ಹತ್ತಾರು ವರ್ಷ ಸವೆದದ್ದು ಒಳ್ಳೆಯದು, ಏಕೆಂದರೆ ಎಲ್ಲಿ ಹೆಚ್ಚು ಮಸೆದಿದ್ದಾರೋ ಅಲ್ಲೇ ಕೆಲಸ ನಡೆದಿದೆ. ಒಂದೊಂದನ್ನೂ ಖಾಕಿ ಕಾಗದದ ಮೇಲಿಟ್ಟು ಪೆನ್ಸಿಲ್ ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಯಿರಿ. ಪೆನ್ಸಿಲ್ ವಾಲಿದರೆ ಆಕಾರ ಒಂದೆರಡು ಮಿಲಿಮೀಟರ್ ದಪ್ಪಗಾಗುತ್ತದೆ.

ಆಮೇಲೆ ವರ್ನಿಯರ್ ಹಿಡಿದು ಬೆನ್ನಿನ ದಪ್ಪವನ್ನು ಮೂರು ಕಡೆ ಬರೆದುಕೊಳ್ಳಿ: ಹಿಡಿಯ ಬುಡದಲ್ಲಿ, ನಡುವೆ, ತುದಿಯಿಂದ ಒಂದು ಅಂಗುಲ ಹಿಂದೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಕ ನೋಡಿ. ಬೆರಳ ಮೇಲೆ ಅಡ್ಡ ಇಟ್ಟು ಎಲ್ಲಿ ಸಮತೂಗುತ್ತದೆಂದು ಗುರುತು ಹಾಕಿ. ಹೊಸಬರು ಬಿಟ್ಟುಬಿಡುವುದು ಈ ದಪ್ಪದ ಲೆಕ್ಕವನ್ನೇ. ಚಿತ್ರದಲ್ಲಿ ಆಕಾರ ಕಾಣುತ್ತದೆ, ದಪ್ಪ ಕಾಣುವುದಿಲ್ಲ. ಹಿಡಿಯ ಬುಡದಲ್ಲಿ ದಪ್ಪಗಿದ್ದು ಮುಂದಕ್ಕೆ ತೆಳುವಾಗುತ್ತ ಹೋದ ಕತ್ತಿ ಕೈಗೆ ಹಗುರ. ಅದೇ ಆಕಾರವನ್ನು ಉದ್ದಕ್ಕೂ ಒಂದೇ ದಪ್ಪದ ಪಟ್ಟಿಯಲ್ಲಿ ಕೊಯ್ದು ಮಾಡಿದರೆ ಮೂಗುಭಾರ.

ಕೆಲಸ ಕೇಳಿದ್ದು, ಕೈ ಕೇಳಿದ್ದು

ಈಗ ಪುಟದ ನಡುವೆ ಗೆರೆ ಎಳೆದು ಎರಡು ಭಾಗ ಮಾಡಿ. ಎಡಕ್ಕೆ, ಬದಲಿಸಿದರೆ ಕೆಲಸ ಕೆಡುವ ಸಂಗತಿಗಳು. ಬಲಕ್ಕೆ, ಮಾಡಿದವನ ಇಷ್ಟಕ್ಕೆ ಬಿಟ್ಟದ್ದು.

ಮೆಟ್ಟುಗತ್ತಿಯನ್ನೇ ನೋಡಿ. ಮಣೆಗೆ ನೆಟ್ಟಿರುವ ಅಲಗು, ಎದುರು ಕೂತವರು ಹಸಿ ಅಡಿಕೆಯನ್ನು ತುದಿಗೆ ಒತ್ತಿ, ಸೀಳಿ, ತಿರುಚಿ ಸಿಪ್ಪೆ ಬಿಡಿಸುತ್ತಾರೆ. ಕೊಯ್ಯುವುದು ತುದಿಯ ಹತ್ತಿರದ ತುಸು ಭಾಗ ಮಾತ್ರ, ಉಳಿದದ್ದು ಸಿಪ್ಪೆ ಮೀಟುವ ಸನ್ನೆ. ಹಾಗಾಗಿ ಅದು ದಪ್ಪಗಿರಲೇಬೇಕು. ತರಕಾರಿ ಚಾಕಿನಂತೆ ತೆಳ್ಳಗೆ ಮಸೆದರೆ ಮೊದಲ ಬುಟ್ಟಿ ಮುಗಿಯುವುದರೊಳಗೆ ಬಾಯಿ ಮುಕ್ಕಾಗುತ್ತದೆ. ಸೊಪ್ಪು ಕಡಿಯುವ ಕತ್ತಿಯ ಕೊಕ್ಕೆಯೂ ಅಲಂಕಾರಕ್ಕಲ್ಲ. ಏಟು ಹಾಕಿದಾಗ ಗೆಲ್ಲು ಜಾರದಂತೆ ತಡೆಯುತ್ತದೆ, ಮುಳ್ಳು ಎಳೆಯಲು ಆಗುತ್ತದೆ, ನೆಲಕ್ಕೆ ತಾಗಿದರೆ ಬಾಯಿಯ ಬದಲು ತಾನು ಕಲ್ಲಿನ ಪೆಟ್ಟು ತಿನ್ನುತ್ತದೆ. ಇವೆಲ್ಲ ಎಡಕ್ಕೆ ಹೋಗಲಿ.

ಹಿಡಿಯ ಕೊನೆಯ ಉಬ್ಬು ಎಷ್ಟು, ಹಿಡಿಯ ಬುಡಕ್ಕೆ ತೊಡಿಸುವ ಬಳೆ ಅಂದರೆ ಅಣಸು ಕಬ್ಬಿಣದ್ದೋ ಹಿತ್ತಾಳೆಯದ್ದೋ, ಬೆನ್ನಿನ ಅಂಚನ್ನು ಎಷ್ಟು ಗುಂಡಗೆ ಮಾಡಿದ್ದಾರೆ, ಅಲಗು ಹಿಡಿಗೆ ಸೇರುವಲ್ಲಿ ಬಾಗು ಹೇಗಿದೆ, ಮೈ ನುಣುಪೋ ಸುತ್ತಿಗೆಯ ಗುರುತು ಉಳಿದಿದೆಯೋ ಎಂಬುದೆಲ್ಲ ಬಲಕ್ಕೆ. ಒಂದೇ ಊರಿನ ಇಬ್ಬರು ಆಚಾರ್‌ಗಳ ಕತ್ತಿ ದೂರದಿಂದಲೇ ಬೇರೆ ಕಾಣುವುದು ಈ ಬಲಭಾಗದಿಂದ. ನಿಮ್ಮ ಶೈಲಿಗೆ ಜಾಗ ಇರುವುದೂ ಅಲ್ಲೇ.

ಹೊರದೇಶದ ಚಾಕುಗಳನ್ನು ನೋಡಬಾರದೆಂದಲ್ಲ, ಅವನ್ನೂ ಇದೇ ಎರಡು ಭಾಗಕ್ಕೆ ಹಾಕಿ ನೋಡಿ. ಅಮೆರಿಕದ ಬಾಬ್ ಲವ್‌ಲೆಸ್ ಹೆಸರಾದದ್ದು ಬೆನ್ನು ನಿಧಾನಕ್ಕೆ ಇಳಿದು ತುದಿ ತಗ್ಗಿನಲ್ಲಿರುವ ಬೇಟೆ ಚಾಕಿನಿಂದ. ಚರ್ಮ ಸುಲಿಯುವಾಗ ತುದಿ ಒಳಗೆ ಚುಚ್ಚಬಾರದು ಎಂಬ ಕಾರಣ ಆ ಇಳಿಜಾರಿನಲ್ಲಿದೆ. ಫ್ರಾನ್ಸಿನ ಸವಾಯ್ ಸೀಮೆಯಲ್ಲಿ 1890ರಲ್ಲಿ ಹುಟ್ಟಿದ ಒಪಿನೆಲ್ ರೈತರ ಜೇಬಿನ ಮಡಚು ಚಾಕು. ನಿಮ್ಮ ಕೆಲಸದಲ್ಲಿ ಚರ್ಮವೂ ಇಲ್ಲ, ಜೇಬೂ ಇಲ್ಲ ಎಂದಾದರೆ ಆ ಆಕಾರ ತಂದು ಮಾಡುವುದೇನು?

ಒಂದೇ ಕೆಲಸ, ಐದು ಚಾಕು

ಒಂದೇ ಒಂದು ಕೆಲಸ ಹಿಡಿಯಿರಿ. ಉದಾಹರಣೆಗೆ ಹಲಸಿನಕಾಯಿ ಹೆಚ್ಚುವ ಚಾಕು. ಅಲಗು ಅಗಲವಾದಷ್ಟೂ ಮೇಣ ಹಿಡಿಯುತ್ತದೆ, ಆದ್ದರಿಂದ ಅಗಲ 30 ಮಿ.ಮೀ. ಸಾಕು. ಉದ್ದ 150, ಬೆನ್ನಿನ ದಪ್ಪ ಹಿಡಿಯ ಬಳಿ 3 ಮಿ.ಮೀ., ತುದಿಯ ಕಡೆ ಒಂದೂವರೆ. ಪಕ್ಕ ಚಪ್ಪಟೆಗಿಂತ ಸ್ವಲ್ಪ ಉಬ್ಬಿದ್ದರೆ ಹೆಚ್ಚಿದ ತುಂಡು ಬೇಗ ಬಿಡುತ್ತದೆ. ಬಾಯಿಯ ಕೋನ ಪ್ರತಿ ಬದಿಗೆ 20 ಡಿಗ್ರಿ. ಇನ್ನು ತೊಳೆ ಮೀಟಿ ತೆಗೆಯಲು ತುದಿಯಲ್ಲಿ ನಾಲ್ಕೈದು ಮಿ.ಮೀ.ನಷ್ಟು ಸಣ್ಣ ಕೊಕ್ಕೆ. ಇದು ಸೊಪ್ಪಿನ ಕತ್ತಿಯಿಂದ ಬಂದದ್ದೇ, ಆದರೆ ಕೆಲಸಕ್ಕೆ ತಕ್ಕಂತೆ ತಗ್ಗಿದೆ. ಕೊಕ್ಕೆ ಇನ್ನೂ ಆಳವಾದರೆ ಚಪ್ಪಟೆ ಕಲ್ಲಿನಲ್ಲಿ ಮಸೆಯಲಾಗದೆ ದುಂಡು ಕಲ್ಲು ಹುಡುಕಬೇಕಾಗುತ್ತದೆ.

ಮೊದಲು ರಟ್ಟಿನಲ್ಲಿ ನಾಲ್ಕಾರು ಆಕಾರ ಕತ್ತರಿಸಿ. ಒಂದನ್ನು ಆರಿಸಿ 4 ಮಿ.ಮೀ. ಪ್ಲೈವುಡ್‌ನಲ್ಲಿ ಕೊಯ್ದು, ಹಿಡಿಯ ಜಾಗಕ್ಕೆ ಎಂ-ಸೀಲ್ ಮೆತ್ತಿ, ಅಂಗೈಯಲ್ಲಿ ಒತ್ತಿ ಹಿಡಿದು ಆಕಾರ ಕೊಡಿ. ನಾಲ್ಕು ಬೆರಳಿನ ಅಗಲಕ್ಕೆ 25 ಮಿ.ಮೀ. ಸೇರಿಸಿದರೆ ಹಿಡಿಯ ಉದ್ದ, ಅಂದರೆ ಹೆಚ್ಚಿನವರಿಗೆ 105ರಿಂದ 115. ದಪ್ಪ 20–22, ಎತ್ತರ 28–30 ಇಟ್ಟು ಮೊಟ್ಟೆಯಾಕಾರ ಮಾಡಿ. ದುಂಡಗಿದ್ದರೆ ಒದ್ದೆ ಕೈಯಲ್ಲಿ ತಿರುಗುತ್ತದೆ, ಬಾಯಿ ಯಾವ ಕಡೆಗಿದೆ ಎಂದು ನೋಡದೆ ಗೊತ್ತಾಗುವುದಿಲ್ಲ. ಕೈಗೆ ಎಣ್ಣೆ ಸವರಿಕೊಂಡು ಈ ಮರದ ಚಾಕನ್ನು ಹತ್ತು ನಿಮಿಷ ಹೆಚ್ಚುವಂತೆ ಆಡಿಸಿ. ಎಲ್ಲಿ ಉರಿಯಿತೋ ಅಲ್ಲಿ ಅರ ಹಾಕಿ.

ಆಮೇಲೆ ಅದೇ ಚಾಕನ್ನು ಐದು ಬಾರಿ ಮಾಡಿ, ಪ್ರತಿ ಬಾರಿ ಒಂದನ್ನು ಮಾತ್ರ ಬದಲಿಸಿ. ಎರಡನೆಯದರಲ್ಲಿ ಹಿಡಿಯ ಕೊನೆ, ಮೂರನೆಯದರಲ್ಲಿ ಬೆನ್ನಿನ ಬಾಗು, ಹೀಗೆ. ಒಟ್ಟಿಗೆ ಮೂರು ಬದಲಿಸಿದರೆ ಚೆನ್ನಾಗಿ ಬಂದದ್ದು ಯಾವುದರಿಂದ ಎಂದು ತಿಳಿಯದು. ಬೇಸರದ ಕೆಲಸ, ನಿಜ. ಬೇರೆ ಬೇರೆ ಐವತ್ತು ಮಾಡಿದವರಿಗಿಂತ ಒಂದನ್ನೇ ಐದು ಸಲ ಮಾಡಿದವರ ಕೈ ಬೇಗ ಪಳಗುತ್ತದೆ.

ಉಕ್ಕು ಮತ್ತು ಹದ

ಐದಕ್ಕೂ ಒಂದೇ ಸ್ಪ್ರಿಂಗ್ ಪ್ಲೇಟಿನ ಉಕ್ಕು ಇರಲಿ. ಜೀಪು, ಲಾರಿಯ ಹಳೇ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ಬಿರುಕಿರಬಹುದು, ತೂತಿನ ಸುತ್ತಲಿನ ಭಾಗ ಬಿಟ್ಟುಬಿಡಿ. ‘ಭದ್ರಾವತಿ ಉಕ್ಕು’ ಎಂದು ಗುಜರಿಯಲ್ಲಿ ಕೊಟ್ಟರೆ ಅಷ್ಟಕ್ಕೇ ನಂಬಬೇಡಿ. 1923ರಲ್ಲಿ ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಇದ್ದಿಲಿನಿಂದ ಕಬ್ಬಿಣ ತೆಗೆಯಲು ಶುರುಮಾಡಿದ ಭದ್ರಾವತಿಯ ಕಾರ್ಖಾನೆ ಮುಂದೆ ಹಲವು ಬಗೆಯ ಉಕ್ಕು ಮಾಡಿದೆ, ಊರಿನ ಹೆಸರಿನಿಂದ ಗುಣ ತಿಳಿಯುವುದಿಲ್ಲ. ಬೆರಳಗಲದ ತುಂಡನ್ನು ಕಾಯಿಸಿ ಎಣ್ಣೆಗೆ ಅದ್ದಿ, ಬಟ್ಟೆ ಸುತ್ತಿ, ಕನ್ನಡಕ ಹಾಕಿಕೊಂಡು ವೈಸಿನಲ್ಲಿ ಮುರಿದು ನೋಡಿ. ಅರ ಹಿಡಿಯದೆ ಜಾರಬೇಕು, ಮುರಿದ ಜಾಗ ನುಣ್ಣಗೆ ಬೂದು ಬಣ್ಣಕ್ಕಿರಬೇಕು. ಸಕ್ಕರೆ ಹರಳಿನಂತೆ ಮಿನುಗಿದರೆ ಕಾವು ಹೆಚ್ಚಾಗಿದೆ.

ಪ್ಲೇಟು ದಪ್ಪಗಿರುವುದರಿಂದ ತೆಳು ಬಡಿಯುವುದನ್ನು ಊರಿನ ಕುಲುಮೆಯಲ್ಲೇ ಮಾಡಿಸಿಕೊಳ್ಳುವುದು ಲೇಸು. ಹದಕ್ಕೆ, ಅಂದರೆ ಕಾಯಿಸಿ ಎಣ್ಣೆಗೆ ಅದ್ದಿ ಗಟ್ಟಿ ಮಾಡುವುದಕ್ಕೆ, ಮೊದಲು ಬಾಯಿಯನ್ನು 1 ಮಿ.ಮೀ. ದಪ್ಪ ಬಿಡಿ, ಅದಕ್ಕಿಂತ ತೆಳುವಾದರೆ ಸೊಟ್ಟಗಾಗುತ್ತದೆ. ಅಲಗು ಮತ್ತು ಹಿಡಿಯೊಳಗೆ ಹೋಗುವ ಬಾಲ ಸೇರುವಲ್ಲಿ ಚೂಪು ಮೂಲೆ ಬೇಡ, ದುಂಡು ಅರದಿಂದ 3 ಮಿ.ಮೀ. ಬಾಗು ಕೊಡಿ. ಹದದಲ್ಲಿ ಬಿರುಕು ಬಿಡುವುದು ಚೂಪು ಮೂಲೆಯಿಂದಲೇ. ಬೆನ್ನಿನ ಮೇಲೆ ಅಂದಕ್ಕೆ ಅರದಿಂದ ಕೊರೆಯುವ ಹಲ್ಲುಗಳಿಗೂ ಇದೇ ಮಾತು. ಆಯಸ್ಕಾಂತ ಹಿಡಿಯುವುದು ನಿಂತಾಗ ಕಾವು ಸುಮಾರು 770 ಡಿಗ್ರಿ. ಅಲ್ಲಿಂದ ಬಣ್ಣ ಇನ್ನೊಂದು ಚೂರು ತಿಳಿಯಾಗುವವರೆಗೆ ಕಾಯಿಸಿ, 50–60 ಡಿಗ್ರಿಗೆ ಬೆಚ್ಚಗೆ ಮಾಡಿದ ಎಣ್ಣೆಗೆ ತುದಿ ಕೆಳಗೆ ಮಾಡಿ ನೇರ ಇಳಿಸಿ. ನೀರು ಬೇಡ, ಸೀಳುತ್ತದೆ. ಎಣ್ಣೆ ಮುಚ್ಚಳವಿರುವ ಕಬ್ಬಿಣದ ಡಬ್ಬಿಯಲ್ಲಿರಲಿ. ಗ್ಯಾರೇಜಿನ ಸುಟ್ಟ ಆಯಿಲ್‌ನ ಹೊಗೆ ವಿಷ. ತಣಿದ ಕೂಡಲೇ ಓವನ್‌ನಲ್ಲಿ 200 ಡಿಗ್ರಿಗೆ ಎರಡು ತಾಸು, ಆರಿಸಿ ಮತ್ತೆ ಎರಡು ತಾಸು.

ಬಣ್ಣ, ಗೆರೆ, ಮರ

ಹೊಳಪು ಕೊಡುವುದೇ ದೊಡ್ಡ ಕೆಲಸ ಎಂದು ತಿಳಿದವರಿದ್ದಾರೆ. ಮಲೆನಾಡಿನ ಮಳೆಗಾಲದಲ್ಲಿ ಕನ್ನಡಿಯಂಥ ಅಲಗು ಒಂದೇ ವಾರಕ್ಕೆ ಚುಕ್ಕೆ ಚುಕ್ಕೆ ತುಕ್ಕು ಹಿಡಿಯುತ್ತದೆ. ಅಡಿಕೆ ಸುಲಿದ ಕತ್ತಿ ಕಪ್ಪಾಗುವುದನ್ನು ಎಲ್ಲರೂ ನೋಡಿದ್ದೀರಿ. ಅಡಿಕೆಯ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಕಪ್ಪು ಪದರ ಕಟ್ಟುತ್ತದೆ. ಅಡಿಕೆ ಬೇಯಿಸಿದ ಚೊಗರನ್ನು ನೀರು ಬೆರೆಸಿ ತೆಳ್ಳಗೆ ಮಾಡಿ, ಸೋಪಿನಿಂದ ತೊಳೆದು ಜಿಡ್ಡು ತೆಗೆದ ಅಲಗಿಗೆ ಬಟ್ಟೆಯಲ್ಲಿ ಸವರಿ, ಒಣಗಿದ ಮೇಲೆ ಮತ್ತೆ ಸವರಿ. ಬೆರಳ ಗುರುತು ಬಿದ್ದಲ್ಲಿ ಬಣ್ಣ ಹಿಡಿಯದು. ಮೊದಲು ಉಳಿಕೆ ತುಂಡಿನ ಮೇಲೆ ಪ್ರಯೋಗಿಸಿ, ಕೊನೆಗೆ ತೊಳೆದು ಒರೆಸಿ ಎಣ್ಣೆ ಹಚ್ಚಿ. ಈ ಕಪ್ಪು ತುಕ್ಕನ್ನು ಪೂರ್ತಿ ತಡೆಯುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೆ.

ಚಿತ್ತಾರದ ಆಸೆ ಇದ್ದವರು ಕೆಳದಿ ರಾಮೇಶ್ವರ ದೇವಸ್ಥಾನದ ಚಾವಣಿಯ ಗಂಡಭೇರುಂಡವನ್ನು 30 ಮಿ.ಮೀ. ಅಲಗಿಗೆ ಇಳಿಸಲು ಹೋಗಬೇಡಿ, ಕಲೆ ಬಿದ್ದಂತೆ ಕಾಣುತ್ತದೆ. ದೀವರ ಹೆಣ್ಣುಮಕ್ಕಳು ಪುಂಡಿನಾರಿನ ಕುಂಚದಿಂದ ಬರೆಯುವ ಹಸೆ ಚಿತ್ತಾರದಿಂದ ಕಲಿಯುವುದು ಹೆಚ್ಚು: ಗೆರೆ ಮತ್ತು ಗೆರೆಯ ನಡುವಿನ ಖಾಲಿ ಜಾಗ ಹೇಗೆ ಒಂದೇ ಅಳತೆಯಲ್ಲಿ ಸಾಗುತ್ತದೆ, ಮೂಲೆಯಲ್ಲಿ ಹೇಗೆ ತಿರುಗುತ್ತದೆ ಎಂದು. ಅದು ಮದುವೆಯ ಗೋಡೆಯ ಚಿತ್ರ, ಆದ್ದರಿಂದ ಹಾಗೇ ನಕಲು ಇಳಿಸಿ ನಿಮ್ಮದೆಂದು ಮಾರುವುದು ತರವಲ್ಲ. ಯಾರಿಂದ ಕಲಿತದ್ದೆಂದು ಹೇಳಿ.

ಗೆರೆ ಕೊರೆಯಲು ಅಲಗಿಗೆ ಉಗುರುಬಣ್ಣ ಬಳಿದು, ಒಣಗಿದ ಮೇಲೆ ಸೂಜಿಯಿಂದ ಗೀರಿ. 100 ಮಿ.ಲೀ. ನೀರಿಗೆ ಒಂದು ಚಮಚ ಉಪ್ಪು. 9 ವೋಲ್ಟ್ ಬ್ಯಾಟರಿಯ ಪಾಸಿಟಿವ್ ತಂತಿ ಅಲಗಿಗೆ, ನೆಗೆಟಿವ್ ತಂತಿ ಉಪ್ಪುನೀರಿನಲ್ಲಿ ನೆನೆದ ಹತ್ತಿಗೆ. 20–30 ಸೆಕೆಂಡಿನಂತೆ ಒತ್ತಿ ತೆಗೆಯುತ್ತ ಒಟ್ಟು ಎರಡು ಮೂರು ನಿಮಿಷ. ಕಿಟಕಿ ತೆರೆದಿರಲಿ, ಸ್ಟೇನ್‌ಲೆಸ್ ಉಕ್ಕಿಗೆ ಈ ವಿಧಾನ ಬೇಡ. ಗೆರೆಗಳ ನಡುವೆ ಕನಿಷ್ಠ ಅರ್ಧ ಮಿ.ಮೀ. ಬಿಡಬೇಕು. ಸವೆತ ಪಕ್ಕಕ್ಕೂ ಹಬ್ಬುವುದರಿಂದ ಹತ್ತಿರದ ಗೆರೆಗಳು ಕೂಡಿಕೊಳ್ಳುತ್ತವೆ. ಮುಗಿದ ಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆಯಿರಿ.

ಹಿಡಿಗೆ ಕಾಫಿ ಬೊಡ್ಡೆ, ಹಲಸು, ಹುಣಸೆ, ಬೈನೆ ಎಲ್ಲವೂ ಆದೀತು. ಬೈನೆಯ ಕಪ್ಪು ನಾರು ನೋಡಲು ಸೊಗಸು, ಆದರೆ ಅಡ್ಡ ಕೊಯ್ದಲ್ಲಿ ಸಿಬಿರೇಳುತ್ತದೆ, ತೆಳು ಎಪಾಕ್ಸಿ ಕುಡಿಸಬೇಕು. ಮಳೆಗಾಲದಲ್ಲಿ ಕೂರಿಸಿದ ಹಸಿ ಮರ ಬೇಸಿಗೆಗೆ ಕುಗ್ಗಿ, ಮೊಳೆ ಹೊರಗೆ ಚಾಚಿಕೊಳ್ಳುತ್ತದೆ. ತುಂಡನ್ನು ವಾರಕ್ಕೊಮ್ಮೆ ತೂಗಿ, ತೂಕ ಇಳಿಯುವುದು ನಿಂತ ಮೇಲೆ ಬಳಸಿ. ಬೀಟೆ ಬೇಕೆಂದರೆ ಬಿಲ್ಲಿರುವ ಸಾಮಿಲ್ ತುಂಡು ಮಾತ್ರ. ಜಿಂಕೆ, ಕಡವೆ ಕೊಂಬು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ, ಕಾಡಿನಲ್ಲಿ ಬಿದ್ದದ್ದು ಸಿಕ್ಕಿತೆಂದರೂ.

ನಿಮ್ಮ ಮುದ್ರೆ ಒತ್ತುವುದಾದರೆ ಹದಕ್ಕೆ ಮೊದಲೇ ಒತ್ತಿ, ಹಿಡಿಯ ಹತ್ತಿರ, ಬೆನ್ನಿನ ಕಡೆಗೆ. ಬಾಯಿಯ ಬಳಿ ಒತ್ತಿದರೆ ನಾಲ್ಕಾರು ವರ್ಷದ ಮಸೆತಕ್ಕೆ ಅಳಿಸಿಹೋಗುತ್ತದೆ. ಅಳತೆಯ ಮೇಲೂ ಕಣ್ಣಿರಲಿ. 2016ರ ಆಯುಧ ನಿಯಮಗಳ ಪ್ರಕಾರ 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗು, ಮನೆಬಳಕೆ, ಕೃಷಿ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದ್ದಲ್ಲದಿದ್ದರೆ, ಆಯುಧದ ಪಟ್ಟಿಗೆ ಸೇರುತ್ತದೆ. ಹಲಸಿನ ಚಾಕಿಗೆ ಆ ತೊಂದರೆ ಇಲ್ಲ.